ಸಂಧಿ ಮಾಡಿದ್ದು ಸಿಂಹವಂತೆ

ಹೆಬ್ಬಾತಿನ ಜಿಡ್ಡು ಅವನ ಗಡ್ಡದೊಳಗೆ ಇಳಿಯುತ್ತಿದೆ, ಒರೆಸಿಕೊಳ್ಳಲ್ಲ, ನಾನು ಒರೆಸಲಿ ಅಂತ ಕಾಯ್ತಿದ್ದಾನೆ ನನ್ನ ಗಂಡ, ಒರೆಸಲ್ಲ, ಇವತ್ತು ಈ ಸಂಧಿಯೂಟದಲ್ಲಂತೂ ಒರೆಸಲ್ಲ — ಆ ಹಾಡುಗಾರ ಬೇರೆ ಗಂಟಲು ಹರಕೊಳ್ತಿದ್ದಾನೆ, ಸಿಂಹದಂಥ ನಮ್ಮ ರೊತ್ರೂ ಪ್ರಭುಗಳು ಕೋಟೆ ಉಳಿಸಿದರು, ವೈರಿ ಅಸೆಲಿನ್‌ನನ್ನು ತಮ್ಮನಾಗಿಸಿಕೊಂಡರು, ಇವನು ಸಿಂಹವಂತೆ, ಆಗ ಎಲ್ಲಿತ್ತಪ್ಪ ನಿನ್ನ ಸಿಂಹ, ಡ್ಯೂಕನ ಸೆರೆಯಾಳಾಗಿ ನೆಲಮಾಳಿಗೆಯಲ್ಲಿ ಒದ್ದೆ ಹುಲ್ಲಿನ ಮೇಲೆ ಕೆಮ್ಮುತ್ತಾ ಬಿದ್ದಿತ್ತು, ಕೋಟೆಯಲ್ಲಿದ್ದವಳು ನಾನು, ಹವೀಸ್, ಚಳಿಗಾಲವಿಡೀ ಅಸೆಲಿನ್ ಹೊರಗಿನಿಂದ ಕಲ್ಲು ತೂರುತ್ತಿದ್ದ, ಒಳಗೆ ಕುದುರೆ ಕೊಯ್ಯಿಸಿ ಕಾವಲಿನವರಿಗೆ ನನ್ನ ಕೈಯಾರೆ ಬಡಿಸಿದೆ, ನನ್ನ ಬಿಳಿ ಕುದುರೆಯನ್ನೂ, ಅದರ ನಾಲಿಗೆ ಎಷ್ಟು ಮೆತ್ತಗಿತ್ತು — ಹಾಡಿನಲ್ಲಿ ಕುದುರೆ ಇಲ್ಲ, ನಾನೂ ಇಲ್ಲ.

ಎದುರು ಸಾಲಿನಲ್ಲಿ ಅಸೆಲಿನ್‌ನ ತಾಯಿ, ರಿಶಿಲ್ಡ, ನಿಧಾನಕ್ಕೆ ಅಗಿಯುತ್ತಿದ್ದಾಳೆ, ಅವಳ ಬಗ್ಗೆಯೂ ನನಗೇನೂ ಪ್ರೀತಿಯಿಲ್ಲ, ಅವಳ ಮಗ ನನ್ನ ತಮ್ಮನನ್ನು ಕೊಂದವನು, ಆದರೂ ಸನ್ಯಾಸಿನಿಯರ ಮಠದ ಹಿತ್ತಲಲ್ಲಿ ಎಲೆಕೋಸಿನ ಸಾಲುಗಳ ನಡುವೆ ನಿಂತು ಅವಳಂದಳು, ನನ್ನ ಮಗ ಹಟಮಾರಿ ಕಣೇ, ನಿನ್ನ ಗಂಡ ದಡ್ಡ, ಇವರಿಗೇ ಬಿಟ್ಟರೆ ಎರಡೂ ಊರು ಬೂದಿ, ಗಿರಣಿ ನೀನಿಟ್ಕೋ, ಕಾಡು ನಮಗಿರಲಿ, ನಿನ್ನ ಮಗಳನ್ನ ನನ್ನ ಮೊಮ್ಮಗನಿಗೆ ಕೊಡು, ಅಷ್ಟೇ, ಸಂಧಿ ಆಗಿದ್ದು ಅಲ್ಲಿ, ಚಪ್ಪಲಿಗೆ ಕೆಸರು ಮೆತ್ತಿಕೊಂಡು, ಇವನ ಬಿಡುಗಡೆಗೂ ಡ್ಯೂಕನ ಹೆಂಡತಿಯ ಕಿವಿ ಊದಿದ್ದು ಆ ಮುದುಕಿಯೇ, ಇವನು ಮನೆಗೆ ಬಂದು ಹೇಳಿದ್ದೇನು, ನನ್ನ ಹೆಸರು ಕೇಳಿಯೇ ನಡುಗಿಬಿಟ್ಟರು ನೋಡು — ನನ್ನ ಮಗಳು ಇದೊನಿ, ಹಾಲುಹಲ್ಲು ಪೂರ್ತಿ ಬಿದ್ದಿಲ್ಲ, ಸೊಸೆಯಾಗುವವಳು ಅಂತ ಆಗಲೇ ಅವರ ಮನೆಯಲ್ಲಿದ್ದಾಳೆ, ಕಳಿಸುವಾಗ ಅವಳ ಮುಷ್ಟಿಯಿಂದ ನನ್ನ ಸೆರಗು ಬಿಡಿಸಬೇಕಾಯಿತು, ಒಂದೊಂದೇ ಬೆರಳು.

ಬೆಳಿಗ್ಗೆ ಸೊಂಟಪಟ್ಟಿ ಬಿಗಿಸಿಕೊಳ್ಳುತ್ತಾ ಇವನೆಂದ, ಮಾಂಸದೂಟ ಮುಗೀತಿದ್ದ ಹಾಗೇ ತುತ್ತೂರಿ ಊದಿಸ್ತೀನಿ, ಹೆಬ್ಬಾಗಿಲು ಹಾಕಿಸಿ ತಾಯಿ ಮಗ ಇಬ್ಬರನ್ನೂ ಹಿಡಿದುಹಾಕ್ತೀನಿ, ಸಂಧಿ ಮುರಿಯಲ್ಲ ಅಂತ ಸಂತರ ಎಲುಬು ಮುಟ್ಟಿ ಆಣೆ ಇಟ್ಟಿದೀರಲ್ರೀ ಅಂದೆ, ಬಾಯಿ ಆಣೆ ಇಟ್ಟಿತು ಕಣೇ, ಕೈ ಇಟ್ಟಿಲ್ಲ ಅಂದ, ಮಗಳು ಅವರ ಕೈಯಲ್ಲಿದಾಳೆ ಅಂದೆ, ಹೆಣ್ಣು ತಾನೇ, ಇನ್ನೊಂದು ಹೆತ್ಕೊಡು ಅಂದ, ಪಟ್ಟಿ ಬಿಗಿಯಾಯ್ತು ಸ್ವಲ್ಪ ಸಡಿಲಿಸು ಅಂದ, ಸಡಿಲಿಸಿದೆ, ಸಡಿಲಿಸಿ ನೇರ ಬಾಗಿಲ ಕಾವಲಿನ ವಾರಿನ್ ಹತ್ತಿರ ಹೋದೆ, ಪ್ರಭುಗಳು ಬಾಗಿಲು ಹಾಕು ಅಂದರೆ ಏನ್ಮಾಡ್ತೀಯೋ, ಅವನು ಬೂಟಿನ ಕಡೆ ನೋಡುತ್ತಾ, ಅಮ್ಮಾ, ಕುದುರೆಮಾಂಸ ಬಡಿಸಿದವರು ಯಾರು ಅಂತ ನನ್ನ ಹೊಟ್ಟೆಗೆ ಗೊತ್ತು, ಏನು ಮಾಡಬೇಕು ನೀವು ಹೇಳಿ ಅಂದ.

ತುತ್ತೂರಿ — ಏಳು, ಹವೀಸ್, ಎದ್ದೆ, ಹಾಡುಗಾರ ಬಾಯಿ ತೆರೆದುಕೊಂಡೇ ನಿಂತ, ರಿಶಿಲ್ಡಮ್ಮಾ, ಹೊಳೆ ಏರ್ತಿದೆಯಂತೆ, ಈಗಲೇ ಹೊರಡಿ, ಕುದುರೆಗಳು ಸಜ್ಜಾಗಿವೆ, ದಾಟಿಸೋಕೆ ನಮ್ಮ ಪ್ರಭುಗಳೇ ಕಾವಲು ಕೊಟ್ಟಿದ್ದಾರೆ, ನನ್ನ ದನಿಯೇ ಇದು, ಮುದುಕಿ ನನ್ನನ್ನು ನೋಡಿದಳು, ಇವನನ್ನು ನೋಡಿದಳು, ಬಾಯಲ್ಲಿದ್ದದ್ದನ್ನು ನುಂಗಿದಳು, ಏಳೋ ಮಗನೇ, ಹಣ್ಣಿನ ಕಡುಬು ಇನ್ನೂ ಬಂದಿಲ್ಲವಲ್ಲಮ್ಮ, ಏಳೋ ಅಂದ್ರೆ ಏಳು ಅಂದಳು ಮುದುಕಿ — ಎಮ್ಮೆಯಂಥ ಅಸೆಲಿನ್ ಬಂದು ಇವನನ್ನು ತಬ್ಬಿಕೊಂಡ, ನಿಮ್ಮಂಥ ಮರ್ಯಾದಸ್ಥರನ್ನ ನಾನು ಕಂಡಿಲ್ಲಣ್ಣ, ಇಡೀ ಸಭೆ ಮೇಜು ಗುದ್ದಿತು, ಇನ್ನು ಹಿಡೀರಿ ಅನ್ನೋದು ಹೇಗೆ, ನನ್ನ ಗಂಡ ಬಾಗಿಲ ಕಡೆ ಕತ್ತು ಚಾಚಿದ, ವಾರಿನ್ ಅಗುಳಿ ಮುಟ್ಟದೆ ನಿಂತಿದ್ದ, ಪಾದ್ರಿ ಕಣ್ಣೊರೆಸಿಕೊಂಡು ಎಂಥ ದೊಡ್ಡ ಮನಸ್ಸು ನಮ್ಮ ಪ್ರಭುಗಳದು ಅಂದ, ಅದೂ ಇನ್ನು ಹಾಡಾಗುತ್ತೆ, ಆಗಲಿ, ಇವನ ಹೆಸರಲ್ಲೇ ಆಗಲಿ, ನನ್ನ ಮಗಳು ಉಸಿರಾಡುತ್ತಿರಲಿ — ಸೇತುವೆ ಹಲಗೆಯ ಮೇಲೆ ಗೊರಸುಗಳು, ದಾಟಿ, ದಾಟಿ, ಇವನು ಎಲ್ಲರಿಗೂ ಕಾಣುವಂತೆ ನಗುತ್ತಾ ನನ್ನ ಮಣಿಕಟ್ಟು ಹಿಡಿದ, ಎಂಥ ಪ್ರೀತಿ ಅಂದುಕೊಂಡಿರಬೇಕು ಅವರು, ಇವನ ಬೆರಳ ಗೆಣ್ಣುಗಳು ಬೆಳ್ಳಗಾಗುತ್ತಿವೆ, ಕೂಗಲ್ಲ, ಎಳೆದುಕೊಳ್ಳಲ್ಲ, ಮೂಳೆ ಲಟಕ್ಕೆನ್ನಲಿ, ಇನ್ನೂ ನಗುತ್ತಿದ್ದಾನೆ, ಆ ಬಿಳಿ ಗೆಣ್ಣುಗಳು, ನಾಲ್ಕು, ಬಿಳಿ ಗೆಣ್ಣುಗಳು —