ಮದುವೆ ಹಾರದ ಕೊನೆ ಗಂಟು

ಹಿತ್ತಲ ಬಾಗಿಲಿನಿಂದ ಹೊರಬಿದ್ದ ಕಸ್ತೂರಮ್ಮ ಅರಿಶಿನ ಮೆತ್ತಿದ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು ಹೂಗಾರರ ಓಣಿಯ ಕಡೆಗೆ ಓಡಿದಂತೆಯೇ ನಡೆದಳು. ಮುಂಬಾಗಿಲಿನಲ್ಲಿ ಹಂದರ ಎದ್ದು ನಿಂತಿತ್ತು. ಹಂದರ ಹಾಕಿದ ಮನೆಯವರು ಸಾವಿನ ಮನೆಯ ಹೊಸ್ತಿಲು ತುಳಿಯಬಾರದೆಂಬುದು ನ್ಯಾಮತಿಯಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ಅದರಲ್ಲೂ ಈಕೆ ಮದುವಣಗಿತ್ತಿಯ ತಾಯಿ, ನಾಡಿದ್ದೇ ಮುಹೂರ್ತ. ಗಂಡ ಜಯದೇವಪ್ಪನಿಗೆ ಗೊತ್ತಾದರೆ ಇಡೀ ಬಟ್ಟೆ ಅಂಗಡಿ ಸಾಲಿಗೆ ಕೇಳಿಸುವಂತೆ ಕೂಗಾಡುತ್ತಾನೆ.

ಆದರೆ ಹಾಲು ಹಾಕಲು ಬಂದ ದ್ಯಾಮಮ್ಮ ಚೆಂಬಿಗೆ ಹಾಲು ಸುರಿಯುತ್ತಾ ಹೇಳಿದ ಮಾತು ಕಸ್ತೂರಮ್ಮನನ್ನು ಕೂರಗೊಟ್ಟಿರಲಿಲ್ಲ.

"ಹೂವಿನ ಸಾವಂತ್ರಮ್ಮ ತೀರಿಕಂಡ್ಲಂತ್ರೀ. ಕೂರ್ಸ್ಯಾರೆ. ಮದುವೆ ಹಾರ ಹಾಕಿ ಕೂರ್ಸ್ಯಾರೆ, ನೋಡಾಕಾಗಲ್ಲ."

ಆ ವೈಶಾಖದಲ್ಲಿ ಸಾವಂತ್ರಮ್ಮ ಅಳತೆ ತೆಗೆದುಕೊಂಡದ್ದು ಒಬ್ಬಳೇ ಮದುವಣಗಿತ್ತಿಯದು. ಕಸ್ತೂರಮ್ಮನ ಮಗಳು ಸರ್ವಮಂಗಳೆಯದು. ಸಾವಂತ್ರಮ್ಮನ ಕ್ರಮವೇ ಹಾಗಿತ್ತು. ನೆನೆಸಿದ ಬಾಳೆನಾರನ್ನು ಎರಡಾಗಿ ಮಡಿಸಿ ಹುಡುಗಿಯ ಕೊರಳಿನಿಂದ ಮೊಣಕಾಲಿನವರೆಗೆ ಹಿಡಿದು ಅಳೆಯುವುದು, ಆಮೇಲೆ ಅದೇ ನಾರಿನ ಮೇಲೆ ಹಾರ ಕಟ್ಟುವುದು. ಬೇರೆ ನಾರು ಮುಟ್ಟುತ್ತಿರಲಿಲ್ಲ. ಬದುಕಿರುವವರ ಅಳತೆ ಮಣ್ಣಿಗೆ ಹೋಗಬಾರದು, ಹೋದರೆ ಅಳತೆಯ ಹಿಂದೆ ಆಳೂ ಹೋಗುತ್ತದೆ ಎಂದು ಅವಳೇ ಊರಿಗೆಲ್ಲ ಹೇಳಿಕೊಂಡು ಬಂದಿದ್ದಳು. ಈಗ ಸರ್ವಮಂಗಳೆಯ ಅಳತೆ ಹೆಣದ ಕೊರಳಲ್ಲಿತ್ತು. ಇನ್ನು ಎರಡು ತಾಸಿಗೆ ಗುಂಡಿಗೆ ಇಳಿಯಲಿತ್ತು.

ಸಾವಂತ್ರಮ್ಮನ ಮನೆಯೆಂದರೆ ಒಂದು ಅಂಕಣ, ಒಂದು ಪಡಸಾಲೆ. ಗೋಡೆಗೆ ಒರಗಿಸಿ, ಹಣೆಗೆ ವಿಭೂತಿ ಬಳಿದು, ಅವಳನ್ನು ಕೂರಿಸಿದ್ದರು. ಮಗ್ಗುಲ ಮನೆಯ ಭೀಮಕ್ಕ ಬಾಗಿಲಲ್ಲೇ ಕಸ್ತೂರಮ್ಮನನ್ನು ತಡೆದಳು.

"ಅಯ್ಯೋ ಅಮ್ಮಾರೆ, ಹಂದರ ಹಾಕ್ಕಂಡು ಹಿಂಗೆ ಬರಬೌದೇನ್ರೀ? ಹೊರಗೇ ನಿಂದ್ರಿ."

"ಆ ಹಾರ ಎಲ್ಲಿತ್ತು ಭೀಮಕ್ಕ?"

"ಬುಟ್ಟಿಯಾಗಿತ್ರೀ. ಒದ್ದೆ ಅರಿವೆ ಮುಚ್ಚಿ ಇಟ್ಟಿದ್ಲು. ನಾವೇನ್ ಮಾಡಾಕಾಗ್ತೈತೆ? ಊರಾಗಿನ ಹೆಣಕ್ಕೆಲ್ಲಾ ಹೂವು ಕಟ್ಟಿದಾಕಿ ಇಕಿ. ಇಕಿಗೆ ಕಟ್ಟೋರು ಯಾರದಾರೆ? ಇದ್ದಿದ್ದು ಹಾಕಿದ್ವಿ."

ಹೌದಲ್ಲ ಎನಿಸಿತು ಕಸ್ತೂರಮ್ಮನಿಗೆ. ಆದರೂ ಹೊಸ್ತಿಲಾಚೆಯಿಂದಲೇ ಕತ್ತು ಚಾಚಿ ನೋಡಿದಳು. ದುಂಡುಮಲ್ಲಿಗೆ, ನಡುನಡುವೆ ಕನಕಾಂಬರ, ಮರುಗ. ನಿನ್ನೆ ಕಟ್ಟಿದ ಹೂವು ಈ ಬಿಸಿಲಿಗೆ ಇಷ್ಟೊತ್ತಿಗೆ ಕಂದಬೇಕಿತ್ತು. ಒಂದು ಮೊಗ್ಗೂ ಕಂದಿರಲಿಲ್ಲ.

"ಗಂಟು ಯಾರು ಹಾಕಿದ್ದು?"

"ಯಾರೂ ಇಲ್ರೀ. ಹಾಕೇ ಇತ್ತು."

ಮದುವೆ ಹಾರದ ಕೊನೆ ಗಂಟನ್ನು ಸಾವಂತ್ರಮ್ಮ ತನ್ನ ಮನೆಯಲ್ಲಿ ಎಂದೂ ಹಾಕಿದವಳಲ್ಲ.

*

ಕಸ್ತೂರಮ್ಮನ ಮದುವೆಗೂ ಹಾರ ಕಟ್ಟಿದ್ದು ಅವಳೇ. ಅದಾಗಿ ಇಪ್ಪತ್ತನಾಲ್ಕು ವರ್ಷ. ಅಂದು ಮುಹೂರ್ತದ ಹೊತ್ತಿಗೆ ಬುಟ್ಟಿ ಹೊತ್ತು ಬಂದ ಸಾವಂತ್ರಮ್ಮ ಹೊಸ್ತಿಲಾಚೆಯೇ ನಿಂತು, "ಹೆಣ್ಣನ್ನ ಇಲ್ಲಿಗೆ ಕರಕಂಬರ್ರಿ" ಎಂದಿದ್ದಳು. ಒಳಗೆ ಬಾ ಎಂದು ಯಾರೂ ಕರೆಯಲಿಲ್ಲ, ಅವಳೂ ಕಾಯಲಿಲ್ಲ. ಗಂಡ ಸತ್ತವಳು, ಅವಳು ಕಟ್ಟಿದ ಹೂವು ಬೇಕು, ಅವಳು ಬೇಡ. ಊರಿನ ನ್ಯಾಯ ಹೀಗೆಯೇ, ಹಾಲು ಕುಡಿದು ಹಸುವನ್ನು ಹೊರಗೆ ಕಟ್ಟುವುದು.

ಹೊಸ್ತಿಲಾಚೆಯಿಂದಲೇ ಕೈ ಚಾಚಿ ಕಸ್ತೂರಮ್ಮನ ಹೆಗಲ ಹಿಂದೆ ಹಾರದ ಎರಡು ತುದಿ ಕೂಡಿಸಿ ಗಂಟು ಹಾಕಿದ್ದಳು.

"ಮದುವೆ ಗಂಟು ಬಲಕ್ಕೆ ತಿರುಗಬೇಕು ತಾಯಿ. ಎಡಕ್ಕೆ ತಿರುಗೋದು ಹೆಣದ ಹೂವಿಗೆ. ಹಾಕ್ಕಳ್ಳಾಕಿ ಎದುರಿಗೆ ಇದ್ರೇನೇ ಈ ಗಂಟು. ಇಲ್ಲಂದ್ರೆ ಬರೀ ಹೂವು ಅದು, ಹಾರ ಅಲ್ಲ."

"ನಿನ್ನ ಮದುವೆಗೆ ಯಾರು ಕಟ್ಟಿದ್ರು ಸಾವಂತ್ರಕ್ಕ?" ಎಂದು ಹುಡುಗುಬುದ್ಧಿಯಲ್ಲಿ ಕೇಳಿದ್ದಳು ಕಸ್ತೂರಮ್ಮ.

ಸಾವಂತ್ರಮ್ಮ ನಕ್ಕಿದ್ದಳು. "ಅವತ್ತೇ ಸಾಹುಕಾರರ ಮನೆ ಮದುವೆನೂ ಇತ್ತು. ನಮ್ಮ ಮಾವ ಇದ್ದಬದ್ದ ಮಲ್ಲಿಗೆ ಎಲ್ಲಾ ಅಲ್ಲಿಗೆ ಕೊಟ್ಟಿದ್ದ. ನನಗೆ ಕಣಗಿಲೆ ಹಾಕಿ ಮುಗಿಸಿದ್ರು."

ಎರಡೇ ವರ್ಷಕ್ಕೆ ಗಂಡ ಹೋದ. ಆಮೇಲೆ ಕಣಗಿಲೆಯೂ ಇಲ್ಲ. ಹೂವಿನ ಜೊತೆ ನಾರೂ ಸ್ವರ್ಗ ಸೇರುತ್ತದೆ ಎನ್ನುತ್ತಾರೆ. ಈ ನಾರು ಮಾತ್ರ ಮೂವತ್ತು ವರ್ಷ ಊರಿನ ಹೊಸ್ತಿಲುಗಳ ಆಚೆಯೇ ಉಳಿಯಿತು. ದಿನಾ ಬೆಳಗಿನ ಜಾವ ಮನೆ ಮನೆಯ ಕಟ್ಟೆಯ ಮೇಲೆ ಮುತ್ತುಗದ ಎಲೆಯ ಪೊಟ್ಟಣ ಇಟ್ಟು, ಕೂಗದೆ ಹೋಗುತ್ತಿದ್ದಳು. ಬಾಗಿಲು ತೆರೆದವರಿಗೆ ಪೊಟ್ಟಣ ಸಿಗುತ್ತಿತ್ತು, ಅವಳು ಸಿಗುತ್ತಿರಲಿಲ್ಲ.

*

ನಾಲ್ಕು ದಿನದ ಹಿಂದೆ ಕಸ್ತೂರಮ್ಮನ ಪಡಸಾಲೆಯಲ್ಲಿ ದಾವಣಗೆರೆಯ ಹೂವಿನವನು ಕೂತಿದ್ದ. ಸಫಾರಿ ತೊಟ್ಟಿದ್ದ, ಕೈಯಲ್ಲಿ ಬಣ್ಣದ ಫೋಟೋಗಳ ಆಲ್ಬಮ್. ಥರ್ಮಾಕೋಲಿನ ಹಂಸ, ಗುಲಾಬಿ ಹಾರ, ಹಾರಕ್ಕೆ ಜರತಾರಿ, ಕಾರಿನ ಮೂತಿಗೆ ಹೂವಿನ ಜಾಲರಿ. ಚನ್ನಗಿರಿಯ ಬೀಗರು ಕಾಗದ ಬರೆದಿದ್ದರು: "ಸ್ಟೇಜು, ಹಾರ ಎಲ್ಲ ದಾವಣಗೆರೆಯಿಂದಲೇ ಆಗಲಿ." ಹಿತ್ತಲ ಗಿಡ ಮದ್ದಲ್ಲ ನೋಡಿ. ಜಯದೇವಪ್ಪ ಎರಡನೇ ಮಾತಿಲ್ಲದೆ ಒಪ್ಪಿದ್ದ. ಕಸ್ತೂರಮ್ಮನಿಗೂ ಗುಲಾಬಿಯೇ ಚೆಂದ ಕಂಡಿತ್ತು, ಸುಳ್ಳೇಕೆ?

ಅದೇ ಹೊತ್ತಿಗೆ ಹೊಸ್ತಿಲಾಚೆ ಸಾವಂತ್ರಮ್ಮ ಬಂದು ನಿಂತಳು. ಕೈಯಲ್ಲಿ ನೆನೆದ ನಾರು.

"ಅಳತೆ ತಗಳಾಕೆ ಬಂದೀನ್ರೀ. ಎಲ್ಲೈತೆ ನಮ್ಮ ಮದುವಣಗಿತ್ತಿ?"

ಸರ್ವಮಂಗಳೆ ಕುಣಿಯುತ್ತಾ ಎದುರು ನಿಂತೇಬಿಟ್ಟಳು. ಉದ್ದನೆ ಹುಡುಗಿ. ಗಿಡ್ಡ ಸಾವಂತ್ರಮ್ಮ ತುದಿಗಾಲಲ್ಲಿ ನಿಂತು ಅವಳ ಕೊರಳಿಗೆ ನಾರು ಹಿಡಿಯಬೇಕಾಯಿತು. ಅಳೆದು ಮುಗಿದ ಮೇಲೆ ಸರ್ವಮಂಗಳೆ ತನ್ನ ಲಂಗದ ಅಂಚಿನಿಂದ ಕೆಂಪು ನೂಲು ಎಳೆದು ನಾರಿನ ತುದಿಗೆ ಕಟ್ಟಿದಳು. "ಇದು ನಂದು ಅಂತ ಗುರುತು, ಅಜ್ಜಿ."

ಆಲ್ಬಮಿನವನು ಮುಗುಳ್ನಗುತ್ತಿದ್ದ. ಕಸ್ತೂರಮ್ಮನಿಗೆ ನಾಚಿಕೆಯಾಯಿತು. ನಾಚಿಕೆಯಾದಾಗ ಮಾತು ಬಿರುಸಾಗುತ್ತದೆ.

"ಹಾರ ಬ್ಯಾಡ ಸಾವಂತ್ರಕ್ಕ. ದಾವಣಗೆರೆಯೋರಿಗೆ ಹೇಳೈತೆ. ಈ ಸಲ ನೀನೇನೂ ಕಟ್ಟಬ್ಯಾಡ, ಬರಾಕೂ ಹೋಗಬ್ಯಾಡ."

ಸಾವಂತ್ರಮ್ಮ ನಾರನ್ನು ನಿಧಾನವಾಗಿ ಬೆರಳಿಗೆ ಸುತ್ತಿಕೊಂಡಳು. "ಮಲ್ಲಿಗೆಗೆ ಹೇಳಿಬಿಟ್ಟೀನಲ್ರೀ. ಸಾಸ್ವೆಹಳ್ಳಿಯಿಂದ ಬಂದೇ ಬರ್ತೈತೆ. ಬ್ಯಾಡ ಅಂದ್ರೆ ನಾನೇ ಹಾಕ್ಕಂತೀನಿ ಬಿಡ್ರಿ."

"ನೀನಾ? ಹಾಕ್ಕಳ್ಳಾಕೆ ನಿನಗೇನು ಮದುವೇನಾ?" ಎಂದು ಕಸ್ತೂರಮ್ಮ ನಕ್ಕಳು. ಆಲ್ಬಮಿನವನೂ ನಕ್ಕ. ಸಾವಂತ್ರಮ್ಮನೂ ಅವರ ಜೊತೆ ಸೇರಿ ನಕ್ಕು, ಹೋದಳು.

*

"ಅದು ನನ್ನ ಮಗಳ ಹಾರ. ತೆಗೀರಿ ಅದನ್ನ," ಎಂದಳು ಕಸ್ತೂರಮ್ಮ, ಸಾವಂತ್ರಮ್ಮನ ಹೊಸ್ತಿಲಾಚೆಯಿಂದ.

ಪಡಸಾಲೆಯಲ್ಲಿ ಕೂತವರ ಭಜನೆ ನಿಂತಿತು. ಎಲ್ಲರೂ ಬಟ್ಟೆ ಅಂಗಡಿ ಜಯದೇವಪ್ಪನ ಹೆಂಡತಿಯ ಮುಖ ನೋಡಿದರು.

"ಹಾಕಿದ್ದು ತೆಗಿಯಾಕೆ ಬರಲ್ರೀ ಅಮ್ಮಾರೆ," ಭೀಮಕ್ಕ ಬೇಡಿಕೊಂಡಳು. "ಒಂದು ದಿನಾನೂ ಹೂವು ಮುಡಿದಾಕಿ ಅಲ್ಲ. ಇರಲಿ ಬಿಡ್ರಿ."

"ಮಗಳ ಅಳತೆ ಐತೆ ಅದರಾಗೆ! ನಾಡಿದ್ದು ಮದುವೆ ಅಕ್ಕಿಕಾಳು. ನಾಳೆ ಏನಾದ್ರೂ ಆದ್ರೆ ನೀನು ತಂದ್ಕೊಡ್ತೀಯಾ ನನ್ನ ಮಗಳನ್ನ?"

ಕೊನೆಗೆ ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರೇ ಬಾಯಿ ಬಿಟ್ಟರು. "ತೆಗೆಯೋದಾದ್ರೆ ಗಂಟು ಬಿಚ್ಚಿ ತೆಗೀರಿ. ವಿಭೂತಿ ಧರಿಸಿ ಆಗೈತೆ, ತಲೆ ಅಲ್ಲಾಡಿಸಬ್ಯಾಡ್ರಿ. ಕತ್ತರಿನೂ ಬ್ಯಾಡ."

ಬಿಚ್ಚಲು ಯಾರೂ ಮುಂದೆ ಬರಲಿಲ್ಲ. ಕಸ್ತೂರಮ್ಮ ಹೊಸ್ತಿಲು ದಾಟಿದಳು.

ಹೆಣದ ಎದುರು ಮಂಡಿಯೂರಿ, ಎರಡೂ ಕೈಗಳನ್ನು ಅದರ ಕೊರಳ ಹಿಂದಕ್ಕೆ ಹಾಕಿದಳು. ಅಪ್ಪಿಕೊಂಡ ಹಾಗಾಯಿತು. ಸಾವಂತ್ರಮ್ಮನ ಕೆನ್ನೆ ಅವಳ ಕೆನ್ನೆಗೆ ತಾಗಿತು, ಕಲ್ಲಿನಷ್ಟು ತಣ್ಣಗೆ. ಆದರೆ ನಾರು ಬೆಚ್ಚಗಿತ್ತು, ಈಗಷ್ಟೇ ಯಾರೋ ಬೆರಳಲ್ಲಿ ಹೊಸೆದು ಬಿಟ್ಟಷ್ಟು. ಗಂಟು ಉಗುರಿಗೆ ಸಿಕ್ಕಿತು. ಸಡಿಲಿಸಿದಳು. ಅದು ಮತ್ತೆ ಬಿಗಿಯಿತು. ಇನ್ನೊಮ್ಮೆ ಸಡಿಲಿಸಿದಳು, ಇನ್ನೊಮ್ಮೆ ಬಿಗಿಯಿತು. ಸುತ್ತ ಕೂತವರು ನೋಡುತ್ತಿದ್ದಾರೆಂಬುದೂ ಮರೆತುಹೋಯಿತು.

"ಬಿಡು ಸಾವಂತ್ರಕ್ಕ," ಎಂದು ಹೆಣದ ಕಿವಿಯಲ್ಲಿ ಪಿಸುಗುಟ್ಟಿದಳು. "ನಿಂದಲ್ಲ ಇದು."

ಗಂಟು ತಾನಾಗಿ ಬಿಚ್ಚಿಕೊಂಡಿತು. ಹಾರ ಜಾರಿ ಅವಳ ತೋಳಿನ ಮೇಲೆ ಬಿತ್ತು.

"ಯಾರು ಏನು ಕೇಳಿದ್ರೂ ಇಲ್ಲ ಅಂದಾಕಿ ಅಲ್ಲ ಬಿಡ್ರಿ ಅಕಿ," ಎಂದು ಭೀಮಕ್ಕ ಮುಖ ತಿರುಗಿಸಿ ಮೂಗು ಒರೆಸಿಕೊಂಡಳು.

ಬರಿ ಕೊರಳಿನ ಹೆಣದ ಮೇಲೆ ಯಾರೋ ಒಂದು ಹಿಡಿ ಬಿಲ್ವಪತ್ರೆ ಹಾಕಿದರು. ಭಜನೆ ಮತ್ತೆ ಶುರುವಾಯಿತು.

*

ಹಾರವನ್ನು ಹಿತ್ತಲ ಬಾವಿಕಟ್ಟೆಯ ಮೇಲೆ ಬೋಗುಣಿಯಲ್ಲಿ ಮುಚ್ಚಿಟ್ಟು, ಉಟ್ಟ ಸೀರೆಯಲ್ಲೇ ನಾಲ್ಕು ಕೊಡ ನೀರು ಸುರಿದುಕೊಂಡಳು ಕಸ್ತೂರಮ್ಮ. ಮಗಳು ಉಳಿದಳು. ಯಾರು ಏನೆಂದುಕೊಂಡರೂ ಸರಿ, ಮಗಳು ಉಳಿದಳು ಎಂದು ಮನಸ್ಸು ಹಗುರವಾಗಿತ್ತು. ದೂರದಲ್ಲಿ ಶವದ ಮುಂದಿನ ಡೊಳ್ಳು ಸವಳಂಗದ ರಸ್ತೆಯ ಕಡೆಗೆ ಹೋದದ್ದು, ಸ್ವಲ್ಪ ಹೊತ್ತಿನ ಮೇಲೆ ನಿಂತದ್ದು ಕೇಳಿಸಿತು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಸರ್ವಮಂಗಳೆ ಒಳಗೆ ಬಂದಳು.

"ಅವ್ವಾ, ಮುಂದಿನ ಕಟ್ಟೆ ಮ್ಯಾಲೆ ಪೊಟ್ಟಣ ಐತೆ. ಸಾವಂತ್ರಜ್ಜಿ ಇಡ್ತಿದ್ಲಲ್ಲ, ಹಂಗೇ."

"ಯಾವಾಗಿಂದು ಅದು? ಎಷ್ಟು ದಿನದಿಂದ ಬಿದ್ದೈತೋ."

"ಇಲ್ಲವ್ವ. ಈಗ ಕಟ್ಟೆ ಸಾರಿಸಿ ರಂಗೋಲಿ ಹಾಕಿದೆ. ತಿರುಗಿ ನೋಡಿದ್ರೆ ಇತ್ತು."

ಮುತ್ತುಗದ ಎಲೆ ಹಸಿರಾಗಿತ್ತು. ಕಸ್ತೂರಮ್ಮ ಬಿಚ್ಚಿದಳು. ಒಳಗೆ ಒಂದು ಹೂವೂ ಇರಲಿಲ್ಲ. ಸುರುಳಿ ಸುತ್ತಿದ ಬಾಳೆನಾರು, ನೀರಿನಿಂದ ಈಗ ತೆಗೆದ ಹಾಗೆ ಒದ್ದೆ. ತುದಿಯಲ್ಲಿ ಕೆಂಪು ನೂಲು.

"ನನ್ನ ಅಳತೆ!" ಎಂದು ಸರ್ವಮಂಗಳೆ ಖುಷಿಯಾಗಿ ಅದನ್ನು ಎರಡಾಗಿ ಮಡಿಸಿ ಕೊರಳಿಗೆ ಹಿಡಿದುಕೊಂಡಳು. ನಾರು ಸರಿಯಾಗಿ ಅವಳ ಮೊಣಕಾಲು ಮುಟ್ಟಿತು.

ಕಸ್ತೂರಮ್ಮ ಅವಳ ಕೈಯಿಂದ ನಾರು ಕಿತ್ತುಕೊಂಡು ಬಾವಿಕಟ್ಟೆಗೆ ಓಡಿದಳು. ಬೋಗುಣಿಯಿಂದ ಹಾರ ತೆಗೆದು ನಾರಿನ ಪಕ್ಕ ಹಾಸಿದಳು. ಹಾರದ ತುದಿಗಳನ್ನೆಲ್ಲ ತಡಕಿದಳು, ಕೆಂಪು ನೂಲಿರಲಿಲ್ಲ. ನಾರಿಗಿಂತ ಹಾರ ಎರಡು ಗೇಣು ಗಿಡ್ಡವಿತ್ತು. ಗಿಡ್ಡ ಹೆಂಗಸಿನ ಅಳತೆ. ಹೆಣದ ಎದೆಯ ಮೇಲೆ ಅದು ಎಷ್ಟು ಸರಿಯಾಗಿ ಕೂತಿತ್ತೆಂಬುದು ಈಗ ಕಣ್ಣಿಗೆ ಕಟ್ಟಿತು. ಹಾಕ್ಕಳ್ಳಾಕಿ ಎದುರಿಗೆ ಇದ್ರೇನೇ ಈ ಗಂಟು.

ನಾನೇ ಹಾಕ್ಕಂತೀನಿ ಬಿಡ್ರಿ ಎಂದಿದ್ದಳು ಸಾವಂತ್ರಮ್ಮ. ಹಾಕಿಕೊಂಡಿದ್ದಳು. ಇವಳು ಹೋಗಿ ಬಿಚ್ಚಿಕೊಂಡು ಬಂದಿದ್ದಳು.

ಕಸ್ತೂರಮ್ಮ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಆಮೇಲೆ ಹಾರವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಈ ಸಲ ಮುಂಬಾಗಿಲಿನಿಂದ, ಹಂದರದ ಕೆಳಗೆ, ನೆಂಟರೆಲ್ಲರ ನಡುವೆ ಹೊರಟಳು.

"ಎಲ್ಲಿಗೆ ಹೊಂಟೆ ಈ ಹೊತ್ತಿನಾಗೆ?" ಜಯದೇವಪ್ಪ ಗದರಿದ. "ಏನದು ಕೈಯಾಗೆ?"

"ಸಾವಂತ್ರಕ್ಕಂದು. ಕೊಟ್ಟು ಬರ್ತೀನಿ."

ಅವನ ಕೂಗು ಓಣಿಯ ತಿರುವಿನವರೆಗೆ ಬಂದು ನಿಂತುಹೋಯಿತು.

ರುದ್ರಭೂಮಿಯಲ್ಲಿ ಯಾರೂ ಇರಲಿಲ್ಲ. ಇನ್ನೂ ಮಸುಕು ಬೆಳಕಿತ್ತು. ಹಸಿ ಮಣ್ಣಿನ ಗುಡ್ಡೆಯ ಮೇಲೆ ಬಾಡಿದ ಪತ್ರೆ, ಊದುಬತ್ತಿಯ ಬೂದಿ. ಕಸ್ತೂರಮ್ಮ ಹಾರವನ್ನು ಗುಡ್ಡೆಯ ನೆತ್ತಿಯ ಸುತ್ತ ಬಳಸಿ ಇಟ್ಟಳು. ಎರಡು ತುದಿ ಕೂಡಿಸಿ ಬಲಕ್ಕೆ ತಿರುಗಿಸಿ ಗಂಟು ಹಾಕಲು ನೋಡಿದಳು. ಬರಲಿಲ್ಲ. ಜನ್ಮವಿಡೀ ಹೂವು ಮುಡಿದ ಕೈಗೆ ಒಂದು ಗಂಟು ಗೊತ್ತಿರಲಿಲ್ಲ. ನಾಲ್ಕು ಸಲ ಜಾರಿತು. ಕೊನೆಗೆ ತುದಿಗಳನ್ನು ಗೇಣಂತರದಲ್ಲಿ ಹಾಗೇ ಬಿಟ್ಟಳು.

"ತಪ್ಪಾತು ಸಾವಂತ್ರಕ್ಕ. ಒಳಗೆ ಬಾ ಅಂತ ಒಂದು ದಿನಾನೂ ಕರೀಲಿಲ್ಲ ನಾನು."

ಒಂದು ಹಿಡಿ ಮಣ್ಣು ಹಾಕಿ, ಕೈ ಮುಗಿದು, ತಿರುಗಿ ನಾಲ್ಕು ಹೆಜ್ಜೆ ನಡೆದಳು. ಬೆನ್ನ ಹಿಂದೆ ಮಲ್ಲಿಗೆಯ ವಾಸನೆ ಒಮ್ಮೆಲೇ ದಟ್ಟವಾಯಿತು. ಸತ್ತವರ ಕಡೆ ತಿರುಗಿ ನೋಡಬಾರದು ಎನ್ನುತ್ತಾರೆ. ಕಸ್ತೂರಮ್ಮ ನೋಡಿದಳು.

ಹಾರದ ತುದಿಗಳು ಕೂಡಿದ್ದವು. ಗಂಟು ಬಲಕ್ಕೆ ತಿರುಗಿತ್ತು.