ಬೆಹಾಲಾದ ಮುತ್ತೈದೆ

"ಸ್ವಲ್ಪ ಕತ್ತು ಎತ್ತಿ ಹಿಡ್ಕೊಳಮ್ಮ," ಎಂದಳು ರಾಜಲಕ್ಷ್ಮಿ. ಶ್ರಾವ್ಯಾ ತಾಯಿಯ ತಲೆಯನ್ನು ಎರಡೂ ಕೈಗಳಿಂದ ಎತ್ತಿದಳು. ರಾಜಲಕ್ಷ್ಮಿ ಹೆಣದ ಕೆನ್ನೆಗೆ ಅರಿಶಿನ ಬಳಿದು, ಹಣೆಗೆ ಕಾಸಗಲ ಕುಂಕುಮ ಇಟ್ಟಳು. ಕನ್ನಡ ಸಂಘದ ಏಳೆಂಟು ಹೆಂಗಸರು ಸರದಿಯಲ್ಲಿ ಹೂ ಹಿಡಿದು ನಿಂತಿದ್ದರು.

"ಮುತ್ತೈದೆಯಾಗಿ ಹೋದ್ರು, ಪುಣ್ಯವಂತೆ," ಎಂದಳೊಬ್ಬಳು. "ನಮ್ಮೋರ ಥರಾನೇ ಇದ್ರು, ಪಾಪ."

"ಥರ ಅಂದ್ರೆ ಲೈಕ್, ಅಲ್ವಾ ಆಂಟಿ?" ಶ್ರಾವ್ಯಾ ಕೇಳಿದಳು.

ಆಕೆ ಹೂಬುಟ್ಟಿಯ ಕಡೆ ತಿರುಗಿದಳು.

ಶ್ರಾವ್ಯಾಳ ತಾಯಿ ಗೌರಿ ಹುಟ್ಟಿದ್ದು ಈ ಬಂಗಾಳಿ ಊರಿನಲ್ಲೇ, ತಂಗ್ರಾದ ಚೀನೀಯರ ಕೇರಿಯಲ್ಲಿ, ಮೊಯ್‌ಫಾ ಎಂಬ ಹೆಸರಿನಲ್ಲಿ. ಗೌರಿ ಎಂಬುದು ಅತ್ತೆ ಇಟ್ಟ ಹೆಸರು. ಮೂವತ್ತು ವರ್ಷದಿಂದ ಎಲ್ಲರೂ ಅವಳನ್ನು ಹಾಗೆಯೇ ಕರೆಯುತ್ತಿದ್ದರು.

ಅವಳ ತಮ್ಮ ಹೆನ್ರಿ ಮೂರು ಊದುಬತ್ತಿ ಹಿಡಿದು ಬಾಗಿಲಲ್ಲೇ ನಿಂತಿದ್ದ. ಸಂಘದ ಕಾರ್ಯದರ್ಶಿ ನರಹರಿ ಅವನನ್ನು ನೋಡಿ, ಸತ್ತವಳ ಗಂಡ ರಾಜಗೋಪಾಲನ ಕಿವಿಯಲ್ಲಿ ಕನ್ನಡದಲ್ಲೇ ಹೇಳಿದ: "ಶಾಸ್ತ್ರ ಮುಗೀತಲ್ಲ. ಅದನ್ನ ಕೆಳಗೆ ಗಾಡಿ ಹತ್ರ ಹಚ್ಚಲಿ."

ರಾಜಗೋಪಾಲ ಭಾವಮೈದುನನಿಗೆ ಅದನ್ನೇ ಹಿಂದಿಯಲ್ಲಿ ಹೇಳಿದ.

"ಆಯಿತು," ಎಂದ ಹೆನ್ರಿ. "ಅಪ್ಪ ಇವಳ ಮದುವೆಯ ದಿನವೇ ಧೂಪ ಹಚ್ಚಿ, ಮಗಳು ಸತ್ತಳು ಅಂದಿದ್ದ. ಕರಿಯನ ಹಿಂದೆ ಹೋದವಳು ಹೆಣವೇ ಅಂತ. ನಾನೂ ಆಗ ಹೌದು ಅಂದಿದ್ದೆ."

ಅವನು ಮೆಟ್ಟಿಲಿಳಿದು ಹೋದ.

*

ಬೆಂಟಿಂಕ್ ಬೀದಿಯಲ್ಲಿ ಗೌರಿಯ ಅಪ್ಪನಿಗೆ ಶೂ ಅಂಗಡಿಯಿತ್ತು. ಅಲಿಪುರದ ಸರ್ಕಾರಿ ಕಚೇರಿಗೆ ಹೊಸದಾಗಿ ಸೇರಿದ್ದ ರಾಜಗೋಪಾಲ ಅಲ್ಲಿ ಶೂ ಕೊಂಡು, ಕಚ್ಚುತ್ತದೆ ಎಂದು ನಾಲ್ಕು ಸಲ ವಾಪಸು ಹೋಗಿದ್ದ. ನಾಲ್ಕನೆಯ ಸಲ ಅವಳು, ಶೂ ಕಚ್ಚುತ್ತಿಲ್ಲವೆಂದು ನನಗೆ ಗೊತ್ತು ಎಂದಿದ್ದಳು.

ಮದುವೆಯಾದ ವರ್ಷವೇ ಮಾಂಸ ಬಿಟ್ಟಳು. ಕನ್ನಡ ಓದಲು ಕಲಿತಳು. ಸಂಘದ ನಾಟಕಗಳಿಗೆಲ್ಲ ಬಟ್ಟೆ ಹೊಲಿದುಕೊಟ್ಟಳು.

ಹೋದ ವರ್ಷ, ಎರಡು ಸಾವಿರದ ಐದರ ಯುಗಾದಿಯ ಸಂಜೆ, ಹನ್ನೆರಡು ಜನರನ್ನು ಊಟಕ್ಕೆ ಕರೆದಳು. ಗರಿಯಾಹಾಟ್ ಮಾರುಕಟ್ಟೆಯಿಂದ ಬಾಳೆಯೆಲೆ ತಂದು ಬೆಳಗಿನಿಂದ ಹೋಳಿಗೆ ತಟ್ಟಿದಳು. ಹನ್ನೆರಡು ಜನರೂ ಬಂದರು.

"ಶನಿವಾರ ನಂದು ಒಪ್ಪತ್ತು ಕಣ್ರೀ, ಮರೆತೇಬಿಟ್ಟಿದ್ದೆ," ಎಂದಳು ರಾಜಲಕ್ಷ್ಮಿ. ನರಹರಿಗೆ ಎದೆಯುರಿ. ಉಳಿದವರು ಮನೆಯಲ್ಲೇ ಊಟ ಮುಗಿಸಿ ಬಂದಿದ್ದರು. ಏನೂ ತಿನ್ನದೆ ಹೋಗಬಾರದೆಂದು ಎಲ್ಲರೂ ಒಂದೊಂದು ಬಾಳೆಹಣ್ಣು ಸುಲಿದು ತಿಂದರು.

ಅವರು ಹೋದ ಮೇಲೆ ಗೌರಿ ಗಂಡನ ಎಲೆಗೆ ಬಡಿಸುತ್ತಾ, "ಸಿಪ್ಪೆ ಇರೋದು ಮಾತ್ರ ತಿಂದ್ರು," ಎಂದಳು.

"ಅವರ ಮನಸ್ಸಲ್ಲಿ ಏನೂ ಇಲ್ಲ ಕಣೆ. ನೀನೇ ಏನೇನೋ ಅಂದ್ಕೋಬೇಡ."

"ನಿಮಗೆ ಕಾಣ್ಸಲ್ವಾ?"

ರಾಜಗೋಪಾಲ ಇನ್ನೊಂದು ಹೋಳಿಗೆ ಹಾಕಿಸಿಕೊಂಡ. ಆ ಹೋಳಿಗೆಯನ್ನು ಮನೆಯ ಮೂವರೇ ನಾಲ್ಕು ದಿನ ತಿಂದರು. ಆಮೇಲೆ ಗೌರಿ ಯಾರನ್ನೂ ಊಟಕ್ಕೆ ಕರೆಯಲಿಲ್ಲ.

*

ಚಿತಾಗಾರದಲ್ಲಿ ಎಲ್ಲ ಬೇಗ ಮುಗಿಯಿತು. ಹೆನ್ರಿ ಅಲ್ಲಿಂದಲೇ ಬಸ್ಸು ಹತ್ತಿದ. ನರಹರಿ ಮತ್ತು ಉಳಿದವರು ದಾರಿಯಲ್ಲಿ ಇಳಿದುಕೊಂಡರು. ಮನೆಯಲ್ಲಿದ್ದ ಹೆಂಗಸರು ದೀಪ ಹಚ್ಚಿಟ್ಟು, ಬಾಗಿಲೆಳೆದುಕೊಂಡು, ಸ್ನಾನಕ್ಕೆಂದು ಆಗಲೇ ಹೊರಟುಹೋಗಿದ್ದರು.

ಸಂಜೆ ತಂದೆ ಮಗಳು ಗೇಟಿಗೆ ಬಂದಾಗ ಹೊಸ ವಾಚ್‌ಮನ್ ಇದ್ದ. ಅವತ್ತೇ ಕೆಲಸಕ್ಕೆ ಸೇರಿದ್ದವನು. ಇಬ್ಬರನ್ನೂ ಅವನು ಕಂಡಿರಲಿಲ್ಲ. ರಾಜಗೋಪಾಲನಿಗೆ ಸಲಾಂ ಹೊಡೆದು ಒಳಗೆ ಬಿಟ್ಟ. ಹಿಂದೆ ಬರುತ್ತಿದ್ದ ಶ್ರಾವ್ಯಾಳ ಮುಖ ನೋಡಿ ಕೈ ಅಡ್ಡ ಹಿಡಿದ.

"ಮ್ಯಾಡಂ, ಹೊರಗಿನವರು ರಿಜಿಸ್ಟರ್‌ನಲ್ಲಿ ಬರೆಯಬೇಕು," ಎಂದ ಹಿಂದಿಯಲ್ಲಿ, ಮರ್ಯಾದೆಯಿಂದಲೇ.

ತಾನು ಕೆಲಸ ಮಾಡುವ ಸಾಲ್ಟ್ ಲೇಕ್‌ನ ಸಾಫ್ಟ್‌ವೇರ್ ಕಂಪನಿಯ ಗೇಟಿನಲ್ಲೂ, ನೀವು ಮಣಿಪುರದವರಾ ಎಂದು ಕೇಳಿಸಿಕೊಂಡವಳು ಅವಳು. ಈಗ ತಂದೆಯ ಕಡೆ ನೋಡಿದಳು. ರಾಜಗೋಪಾಲ ಲಿಫ್ಟಿನ ಬಾಗಿಲಿಗೆ ಕಾಲು ಅಡ್ಡ ಕೊಟ್ಟು ನಿಂತಿದ್ದ.

"ಬರೆದ್ಬಿಡು ಪುಟ್ಟಿ," ಎಂದ. "ಅವನಿಗೇನು ಗೊತ್ತು, ಪಾಪ."

ಶ್ರಾವ್ಯಾ ತನ್ನ ಹೆಸರು ಬರೆದಳು, ಹೊತ್ತು ಬರೆದಳು. ಯಾರನ್ನು ನೋಡಬೇಕು ಎಂಬಲ್ಲಿ ಅಮ್ಮನ ಹೆಸರನ್ನೂ ಫ್ಲಾಟ್ ನಂಬರನ್ನೂ ಬರೆದಳು.

ವಾಚ್‌ಮನ್ ಅದನ್ನು ಓದಿ, ಒಪ್ಪಿಗೆ ಕೇಳಲು ಇಂಟರ್‌ಕಾಂ ಎತ್ತಿ ಮನೆಗೆ ಫೋನ್ ಮಾಡಿದ. ಉತ್ತರಕ್ಕಾಗಿ ಮೂವರೂ ಕಾದು ನಿಂತರು. ಮೇಲೆ ಗಂಟೆ ಹೊಡೆದುಕೊಳ್ಳುತ್ತಲೇ ಇತ್ತು.