ಟಲ್ಲೋ ಹಳ್ಳದ ಮೀನುಗಳು

ಸೊಂಟದ ಕೀಲು ಬದಲಿಸಿಕೊಳ್ಳಲು ಆಸ್ಪತ್ರೆಗೆ ಸೇರುವ ಮುಂಚೆ ಲಿಂಡ್ಸಿ ಕೆಸೆಲ್ ತನ್ನ ಮೀನುಗಳನ್ನು ತಂಗಿ ಡೆಸ್ಲಿಯ ಮನೆಗೆ ತಂದು ಬಿಟ್ಟ. ರಾಕ್‌ಹ್ಯಾಂಪ್ಟನ್ನಿನಲ್ಲಿ ಜನವರಿಯೆಂದರೆ ನಡುಬೇಸಿಗೆ; ಬೆಳಗ್ಗೆಯೇ ಬೆನ್ನಿಗೆ ಅಂಗಿ ಅಂಟುವ ಸೆಖೆ. ಬಿಯರ್ ತಣ್ಣಗಿಡುವ ಐಸ್ ಪೆಟ್ಟಿಗೆಯಲ್ಲಿ ನೀರು ತುಂಬಿ, ಮೀನು ಬಿಟ್ಟು, ಕಾರಿನ ಸೀಟಿಗೆ ಬೆಲ್ಟು ಬಿಗಿದು ತಂದಿದ್ದ.

ಅವು ಕಾಮನಬಿಲ್ಲಿನಂತೆ ಹೊಳೆಯುವ ಪುಟ್ಟ ರೇನ್‌ಬೋ ಮೀನುಗಳು. ಮದುವೆಯಾದ ಹೊಸತರಲ್ಲಿ ಅವನೂ ಹೆಂಡತಿ ನೋಲಾಳೂ ಟಲ್ಲೋ ಹಳ್ಳದಲ್ಲಿ ಮಂಡಿಯುದ್ದ ನೀರಿಗಿಳಿದು ಬಲೆಯಲ್ಲಿ ಹಿಡಿದ ಮೀನುಗಳ ಸಂತಾನ. ಆ ಹಳ್ಳವನ್ನು ಆಮೇಲೆ ಕಲ್ಲಿದ್ದಲ ಗಣಿ ನುಂಗಿತು. ನೋಲಾಳೂ ತೀರಿಕೊಂಡಳು. ಲಿಂಡ್ಸಿ ಯಾರ್ಯಾರಿಗೋ ಕೊಟ್ಟ ಮರಿಗಳು ಬೇರೆ ನದಿಯ ಮೀನುಗಳ ಜೊತೆ ಬೆರೆತು ಕುಲಗೆಟ್ಟವು. ಅಪ್ಪಟ ತಳಿ ಉಳಿದಿದ್ದರೆ ಅದು ಆ ಐಸ್ ಪೆಟ್ಟಿಗೆಯಲ್ಲಿ ಮಾತ್ರ.

"ನೋಡು ಗಾರ್ತ್," ಎಂದು ಲಿಂಡ್ಸಿ ಮೀನುಗಳನ್ನು ತಂಗಿಯ ಗಂಡನ ಗಾಜಿನ ತೊಟ್ಟಿಗೆ ಬಿಟ್ಟು, ನೀರು ಸುತ್ತಿಸುವ ಪಂಪಿನ ಪೈಪು ತೋರಿಸಿ ಹೇಳಿದ. "ಈ ಪೈಪಿನ ಬಾಯಿ ಮೇಲ್ಗಡೇನೇ ಇರ್ಬೇಕು. ನೀರು ಮೇಲೆ ಕದಡ್ತಾನೇ ಇರ್ಬೇಕು. ಗಾಳಿ ಒಳಗಿಳಿಯೋದು ಅಲ್ಲಿಂದ್ಲೇ. ಈ ಸೆಖೇಲಿ ಬಿಸಿನೀರು ಗಾಳೀನ ಹಿಡ್ಕೊಳ್ಳೋದೇ ಇಲ್ಲ."

"ಭಾವ, ನಾನೇನು ನಿನ್ನೆ ತೊಟ್ಟಿ ಕೊಂಡೋನಲ್ಲ."

"ಕೊಂಡಿದ್ದೀಯಪ್ಪ, ಗಿಡ ಬೆಳೆಯೋಕೆ!" ಲಿಂಡ್ಸಿ ನಕ್ಕ. ಗಾರ್ತ್ ನಗಲಿಲ್ಲ.

ಮಾತು ಸುಳ್ಳಲ್ಲ. ಗಾರ್ತ್‌ನ ತೊಟ್ಟಿ ಎಂದರೆ ನೀರೊಳಗಿನ ತೋಟ. ಗಿಡಗಳು ಸೊಂಪಾಗಲೆಂದು ಸಿಲಿಂಡರಿನಿಂದ ಇಂಗಾಲದ ಡೈಆಕ್ಸೈಡ್ ಅನಿಲ ಬಿಡುತ್ತಿದ್ದ. ಮೇಲ್ಮೈ ಕದಡಿದರೆ ಆ ಅನಿಲ ಹಾರಿಹೋಗುತ್ತದೆ ಎಂಬ ಕಿರಿಕಿರಿ ಅವನಿಗೆ. ಜೊತೆಗೆ ಮೀನು ಸಾಕುವವರ ಸಂಘದ ಫೋಟೋ ಸ್ಪರ್ಧೆ ಹತ್ತಿರ ಬಂದಿತ್ತು.

ಲಿಂಡ್ಸಿಗೆ ಶಸ್ತ್ರಚಿಕಿತ್ಸೆಯಾದ ದಿನ ಸಂಜೆ ಗಾರ್ತ್ ಪೈಪನ್ನು ತಳಕ್ಕೆ ಒತ್ತಿದ. ಅಡುಗೆಮನೆಯಲ್ಲಿ ಸಿಗಡಿ ಸುಲಿಯುತ್ತಿದ್ದ ಡೆಸ್ಲಿಗೆ ನೀರಿನ ಸದ್ದು ನಿಂತದ್ದು ತಿಳಿಯಿತು.

"ಅಣ್ಣ ಹೇಳಿದ್ದು ಮರೆತ್ಯಾ?"

"ಒಂದು ಫೋಟೋ ಮಾರಾಯ್ತಿ. ಆಮೇಲೆ ಎತ್ತಿಡ್ತೀನಿ."

ಫೋಟೋ ಅದ್ಭುತವಾಗಿ ಬಂತು. ಅಲುಗದ ನೀರಿನ ಮೇಲ್ಮೈಯಲ್ಲಿ ಗಿಡಗಳ ಬಿಂಬ ತಲೆಕೆಳಗಾದ ಇನ್ನೊಂದು ಕಾಡಿನಂತೆ ಕಂಡಿತು. ಗಾರ್ತ್ ಖುಷಿಯಲ್ಲಿ ಬಿಯರ್ ಬಾಟಲಿ ತೆರೆದ, ಪೈಪನ್ನು ಮರೆತ. ಡೆಸ್ಲಿ ಮರೆತಿರಲಿಲ್ಲ. ಆದರೆ ನೀರಿನ ಸದ್ದಿಲ್ಲದೆ ಎಷ್ಟೋ ದಿನಗಳ ಮೇಲೆ ಟೀವಿ ಸ್ಪಷ್ಟವಾಗಿ ಕೇಳುತ್ತಿತ್ತು. ಇರಲಿ, ಅವನೇ ಎತ್ತಿಡುತ್ತಾನೆ ಎಂದು ಸುಮ್ಮನಾದಳು.

ಬೆಳಕಿಲ್ಲದಾಗ ಗಿಡಗಳೂ ಉಸಿರಾಡುತ್ತವೆ. ನೀರಿನಲ್ಲಿದ್ದ ಅಷ್ಟಿಷ್ಟು ಗಾಳಿಯನ್ನು ರಾತ್ರಿಯಿಡೀ ಅವೇ ಮುಗಿಸಿದವು. ಬೆಳಗ್ಗೆ ನೋಡಿದರೆ ದೊಡ್ಡ ಮೀನುಗಳೆಲ್ಲ ಬಾಯಿ ತೆರೆದು, ಕಿವಿರು ಅಗಲಿಸಿ ತೇಲುತ್ತಿದ್ದವು. ಇನ್ನೂ ಬಣ್ಣ ಬಾರದ ಎರಡು ಮರಿಗಳು ಮಾತ್ರ ಮೂಲೆಯಲ್ಲಿ ಮೂತಿ ಮೇಲೆತ್ತಿ ಏದುತ್ತಿದ್ದವು. ಗಾರ್ತ್ ಪೈಪು ಎತ್ತಿದ, ಜಗ್ಗಿನಲ್ಲಿ ನೀರು ಮೊಗೆದು ಎತ್ತರದಿಂದ ಸುರಿದ. ಆ ಎರಡು ಚೇತರಿಸಿಕೊಂಡವು.

"ಅಣ್ಣಂಗೆ ಫೋನ್ ಮಾಡ್ತೀನಿ," ಎಂದಳು ಡೆಸ್ಲಿ.

"ನಿನ್ನೆ ತಾನೇ ಮೂಳೆ ಕೊಯ್ಸ್ಕೊಂಡು ಮಲಗಿದಾನೆ. ಸಾಯಿಸ್ತೀಯಾ ಅವನನ್ನ?"

ಅದು ಕರುಣೆಯ ಮಾತಿನಂತೆಯೇ ಕೇಳಿಸಿತು. ಡೆಸ್ಲಿ ಫೋನ್ ಕೆಳಗಿಟ್ಟಳು.

ಮಧ್ಯಾಹ್ನ ಗಾರ್ತ್ ಸಮುದ್ರದಂಚಿನ ಯೆಪ್ಪೂನ್‌ಗೆ ಹೋಗಿ, ಮೀನು ಮಾರುವವನೊಬ್ಬನಿಂದ ನೋಡಲು ಅಂಥವೇ ಮೀನುಗಳನ್ನು ತಂದ. ಯಾವುದೋ ಬೇರೆ ನದಿಯವು, ದೊಡ್ಡವೂ ಮರಿಗಳೂ. ಅವಳು ನೋಡುತ್ತಿದ್ದಂತೆಯೇ ಚೀಲವನ್ನು ತೊಟ್ಟಿಗೆ ಬಗ್ಗಿಸಿದ.

"ಅಯ್ಯೋ, ಆ ಎರಡನ್ನ ಬೇರೆ ಇಡ್ಬೇಕಿತ್ತು!"

"ಬೇರೆ ಇಟ್ರೆ, ಯಾಕೆ ಬೇರೆ ಅಂತ ಕೇಳಲ್ವಾ ಅವನು?"

ಲಿಂಡ್ಸಿ ಕೋಲೂರಿಕೊಂಡು ಬಂದದ್ದು ಎಷ್ಟೋ ವಾರಗಳ ಮೇಲೆ. ಅಷ್ಟರಲ್ಲಿ ಗಾರ್ತ್‌ನ ಫೋಟೋಗೆ ಮೊದಲ ಬಹುಮಾನ ಬಂದಿತ್ತು. ಲಿಂಡ್ಸಿ ಕುರ್ಚಿ ಎಳೆದುಕೊಂಡು ತೊಟ್ಟಿಯ ಮುಂದೆ ಕುಳಿತ. ಒಂದೊಂದೇ ಮೀನಿನ ಬಾಲವನ್ನು ದಿಟ್ಟಿಸಿದ.

"ಇವು ಯಾರ ಮೀನು ಗಾರ್ತ್?"

"ನಿಮ್ದೇ ಭಾವ. ಆಸ್ಪತ್ರೆ ಮಾತ್ರೆ ಅಮಲು ಇನ್ನೂ ಇಳಿದಿಲ್ವಾ?"

"ನಮ್ಮ ಗಂಡುಗಳಿಗೆ ಬಾಲದ ಬುಡದಲ್ಲಿ ಕೆಂಪು ಪಟ್ಟೆ ಎರಡಾಗಿ ಒಡೆದಿರುತ್ತೆ. ಇಲ್ಲಿ ಒಂದಕ್ಕೂ ಇಲ್ಲ." ಅವನು ತಂಗಿಯ ಕಡೆ ತಿರುಗಿದ. "ಡೆಸ್, ನೀನ್ಹೇಳು."

ಅವಳು ಎಲ್ಲವನ್ನೂ ಹೇಳಿದಳು. ಸತ್ತವೆಂದು ಕೇಳಿದಾಗ ಅವನು ಸುಮ್ಮನೆ ತಲೆಯಾಡಿಸಿದ. ಎರಡು ಉಳಿದಿದ್ದವು ಎಂದಾಗ ಕೋಲನ್ನೂ ಮರೆತು ಎದ್ದ.

"ಎಲ್ಲಿ? ಎಲ್ಲಿಟ್ಟಿದ್ದೀರಿ?"

ಡೆಸ್ಲಿ ತೊಟ್ಟಿಯತ್ತಲೇ ಕೈ ತೋರಿಸಿದಳು. ಅವನು ಗಾಜಿಗೆ ಮುಖವೊತ್ತಿ ಹುಡುಕಿದ. ಮರಿಗಳೆಲ್ಲ ಒಂದೇ ಥರ ಬೆಳೆದು, ಒಂದೇ ಗುಂಪಾಗಿ ಸುತ್ತುತ್ತಿದ್ದವು.

"ಪೈಪ್ ಮರೆಯೋದು ಯಾರಿಗಾದ್ರೂ ಆಗುತ್ತೆ ಕಣೇ," ಎಂದ ಕೊನೆಗೆ. ದನಿ ಏರಲಿಲ್ಲ. "ನಂಗೂ ಆಗಿದೆ. ಒಂದು ಫೋನ್ ಮಾಡಿದ್ರೆ ಮಲಗಿದಲ್ಲಿಂದ್ಲೇ ಹೇಳ್ತಿದ್ದೆ, ಆ ಎರಡನ್ನ ಒಂದು ಬಕೆಟ್‌ಗೆ ಹಾಕಿಡಿ ಅಂತ."

"ಮೀನು ತಾನೇ ಭಾವ," ಎಂದ ಗಾರ್ತ್. ಲಿಂಡ್ಸಿ ಅವನತ್ತ ನೋಡಲೂ ಇಲ್ಲ.

ಮರಿಗಳನ್ನೆಲ್ಲ ಅವನು ಮನೆಗೊಯ್ದ. ಚಳಿಗಾಲಕ್ಕೆ ಅವುಗಳಲ್ಲಿ ಒಂದು ಗಂಡಿನ ಬಾಲದ ಬುಡದಲ್ಲಿ ಅದೇ ಒಡೆದ ಕೆಂಪು ಪಟ್ಟೆ ಮೂಡಿತು. ಎರಡನೆಯದು ಹೆಣ್ಣಿರಬೇಕು. ಹೆಣ್ಣುಗಳಿಗೆ ಆ ಗುರುತೇ ಇಲ್ಲ. ಅಷ್ಟು ಹೆಣ್ಣುಗಳಲ್ಲಿ ಯಾವುದು ಟಲ್ಲೋದ್ದೆಂದು ಹೇಳುವ ದಾರಿಯೇ ಇರಲಿಲ್ಲ. ತಳಿ ಬೆರೆಯದಿರಲೆಂದು ಲಿಂಡ್ಸಿ ಉಳಿದವನ್ನೆಲ್ಲ ಕೊಟ್ಟುಬಿಟ್ಟು ಆ ಒಂದನ್ನು ಮಾತ್ರ ಇಟ್ಟುಕೊಂಡ.

ಅವನ ಹುಟ್ಟಿದ ದಿನ ಡೆಸ್ಲಿ ಕೇಕ್ ಮಾಡಿಕೊಂಡು ಹೋದಳು. ಅವನು ಬಾಗಿಲಲ್ಲೇ ನಿಂತು ತಟ್ಟೆ ತೆಗೆದುಕೊಂಡ. ಒಳಗೆ ಬಾ ಎನ್ನಲಿಲ್ಲ.

"ಗಂಡು ಹೇಗಿದೆ ಅಣ್ಣ?"

"ಚೆನ್ನಾಗಿದೆ. ದಿನಾ ಬೆಳಗ್ಗೆ ರೆಕ್ಕೆ ಬಿಚ್ಚಿ ಬಣ್ಣ ತೋರಿಸುತ್ತೆ, ಹೆಣ್ಣು ಇದೆ ಅಂದ್ಕೊಂಡು."

ತಟ್ಟೆಯನ್ನು ಆಮೇಲೆ ಕಳಿಸುತ್ತೇನೆಂದು ಹೇಳಿ ಅವನು ಬಾಗಿಲು ಹಾಕಿಕೊಂಡ.